ಸತು ಮತ್ತು ಜರೆ: ಒಂದು ಶಾಸ್ತ್ರವಾಙ್ಮಯದ ವಿಮರ್ಶೆ

ಧಾತುವೆಂಬ ಶಬ್ದಕ್ಕೆ ಭಾರತೀಯ ಶಾಸ್ತ್ರಗಳಲ್ಲಿ ಮೂರು ಅರ್ಥಗಳು ರೂಢವಾಗಿರುವುವು. ವೈಯಾಕರಣರಿಗೆ ಅದು ಕ್ರಿಯಾಪದದ ಮೂಲಪ್ರಕೃತಿ; ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಒಂದು ಪ್ರಕರಣವನ್ನೇ ಅದಕ್ಕೆ ಮೀಸಲಾಗಿಟ್ಟಿರುವನು. ವೈದ್ಯರಿಗೆ ಅದು ರಸ, ರಕ್ತ, ಮಾಂಸ ಮೊದಲಾಗಿ ದೇಹವನ್ನು ಧರಿಸತಕ್ಕ ಏಳರಲ್ಲೊಂದು. ರಸವಾದಿಗಳಿಗೆ ಅದು ಗಿರಿಗರ್ಭದಿಂದ ತೆಗೆದ ಲೋಹ. 16ನೆಯ ಶತಮಾನದ ಭಾವಮಿಶ್ರನು ಲೋಹಧಾತುಗಳನ್ನೂ ಏಳೆಂದೇ ಎಣಿಸಿ, ಆ ಏಳರ ನಡುವೆ ಯಶದಕ್ಕೆ, ಎಂದರೆ ಕನ್ನಡಿಗರು ಸತುವೆಂದೂ ತುತ್ತನಾಗವೆಂದೂ ಕರೆಯುವ ಲೋಹಕ್ಕೆ, ಸ್ಥಾನವನ್ನು ಕೊಟ್ಟಿರುವನು. ದೇಹದ ಏಳು ಧಾತುಗಳಿಗೂ ಗಿರಿಯ ಏಳು ಧಾತುಗಳಿಗೂ ಸಂಖ್ಯಾಸಾಮ್ಯವಿರುವುದನ್ನು ಕಂಡು, ಲೋಹವನ್ನು ಸೇವಿಸಿದರೆ ದೇಹಧಾತುವು ಬೆಳೆಯುವುದೆಂದು ಭಾವಿಸುವುದು ಮನಸ್ಸಿಗೆ ಸುಲಭ. ಈಚಿನ ವರ್ಷಗಳಲ್ಲಿ ಮುಪ್ಪಿನವರ ಆರೋಗ್ಯವನ್ನು ಕುರಿತು ಕನ್ನಡದಲ್ಲಿ ಹೊರಡುತ್ತಿರುವ ಬರೆಹಗಳಲ್ಲಿ ಸತುವಿನ ವಿಷಯವು ಬಂದಾಗಲೆಲ್ಲ ಈ ಸುಲಭವಾದ ಭಾವನೆಯೇ ವೇಷವನ್ನು ಮರೆಸಿಕೊಂಡು ಕಾಣಿಸಿಕೊಳ್ಳುತ್ತಿದೆ. ವಯಸ್ಸಾದಂತೆ ಸತುವು ಕಡಿಮೆಯಾಗುವುದು. ಅದರಿಂದ ರೋಗನಿರೋಧಕ ಶಕ್ತಿಯು ಕುಗ್ಗುವುದು. ಆದಕಾರಣ ಸತುವನ್ನು ಸೇವಿಸಬೇಕು. ಮೂರು ವಾಕ್ಯಗಳಲ್ಲಿ ವಾದವು ಮುಗಿಯಿತು. ಮೊದಲನೆಯ ವಾಕ್ಯವು ಅರ್ಧ ನಿಜ, ಎರಡನೆಯದು ಸಂದೇಹಾಸ್ಪದ, ಮೂರನೆಯದು ಕೆಲವೆಡೆ ಹಿತ, ಕೆಲವೆಡೆ ಅಹಿತ. ಇವುಗಳಿಗೆ ಆಧಾರವೆಂದು ಹೇಳಲ್ಪಡುವ ಮೂಲವಾಙ್ಮಯವಾದರೋ ಬೇರೆಯೇ ದಾರಿಯಲ್ಲಿ ನಡೆದಿದೆ. ಎಷ್ಟು ಎಂಬ ಪ್ರಶ್ನೆಯಿಂದ ಅದು ಹೊರಟಿತು; ಎಲ್ಲಿ, ಯಾವಾಗ ಎಂಬ ಪ್ರಶ್ನೆಗಳಿಗೆ ಬಂದು ನಿಂತಿದೆ. ಈ ಸಂಚಲನವನ್ನು ಗುರುತಿಸದೆ ಮಾಡಿದ ಭಾಷಾಂತರವು ಪದಗಳ ಭಾಷಾಂತರವಾಗಬಹುದೇ ಹೊರತು ಅರ್ಥದ್ದಾಗಲಾರದು.

ಸತುವು ಜೀವಿಗಳಿಗೆ ಅವಶ್ಯಕವೆಂಬ ಮಾತು ಹೊಸದಲ್ಲ. ಫ್ರಾನ್ಸಿನ ಜೂಲ್ ರೌಲಾನನು 1869ರಲ್ಲಿ ಕರಿಯ ಬೂಷ್ಟನ್ನು ಬೆಳೆಸಿ ನೋಡಿ, ಸತುವಿಲ್ಲದೆ ಅದು ಸರಿಯಾಗಿ ಬೆಳೆಯದೆಂದು ಕಂಡನು. 1934ರಲ್ಲಿ ಇಲಿಗಳಲ್ಲಿಯೂ ಅದೇ ವಿಷಯವು ಸಿದ್ಧವಾಯಿತು. 1940ರಲ್ಲಿ ಕೈಲಿನ್ ಮತ್ತು ಮಾನ್ ಎಂಬವರು ರಕ್ತದಲ್ಲಿರುವ ಒಂದು ಕಿಣ್ವದ ಅಂಗವಾಗಿ ಸತುವನ್ನು ತೋರಿಸಿದರು. ಇಷ್ಟಾದರೂ ಮನುಷ್ಯರಲ್ಲಿ ಸತುವಿನ ಕೊರತೆಯುಂಟಾಗಬಹುದೆಂದು ಯಾರೂ ನಂಬಿರಲಿಲ್ಲ. ಆಹಾರದಲ್ಲೆಲ್ಲ ಅದಿರುವಾಗ ಕೊರತೆಯು ಹೇಗೆ ಎಂಬುದು ಪಂಡಿತರ ಆಕ್ಷೇಪ. ಈ ಆಕ್ಷೇಪವನ್ನು ಮುರಿದವರು ಬಿಹಾರದ ಬಕ್ಸರಿನಲ್ಲಿ 1928ರಲ್ಲಿ ಜನಿಸಿ, ಅಮೆರಿಕದಲ್ಲಿ ವೈದ್ಯಶಿಕ್ಷಣವನ್ನು ಮುಂದುವರಿಸಿದ ಆನಂದ ಪ್ರಸಾದರು. 1958ರಲ್ಲಿ ಇರಾನಿನ ಶಿರಾಜ್ ನಗರದಲ್ಲಿ ಅವರ ಮುಂದೆ ಒಬ್ಬ ರೋಗಿಯನ್ನು ತರಲಾಯಿತು. ವಯಸ್ಸು 21, ಆಕಾರವು ಹತ್ತು ವರ್ಷದ ಹುಡುಗನದು. ಅವನ ಆಹಾರವು ಬಹುಮಟ್ಟಿಗೆ ರೊಟ್ಟಿ. ಅದರ ಮೇಲೆ ಮಣ್ಣನ್ನು ತಿನ್ನುವ ಅಭ್ಯಾಸ. ಧಾನ್ಯದಲ್ಲಿರುವ ಫೈಟೇಟ್ ಎಂಬ ದ್ರವ್ಯವು ಸತುವನ್ನು ಕರುಳಿನಲ್ಲಿಯೇ ಹಿಡಿದಿಟ್ಟು ರಕ್ತಕ್ಕೆ ಸೇರಗೊಡದೆಂಬುದು ಮುಂದೆ ವಿದಿತವಾಯಿತು. ಈಜಿಪ್ಟಿನಲ್ಲಿ ಮಾಡಿದ ಪರೀಕ್ಷೆಗಳಲ್ಲಿ ಇಂಥ ರೋಗಿಗಳಿಗೆ ಸತುವನ್ನು ಕೊಟ್ಟೊಡನೆ ಎತ್ತರವೂ ಬೆಳೆಯಿತು, ಯೌವನದ ಲಕ್ಷಣಗಳೂ ತೋರಿದುವು. 1974ರಲ್ಲಿ ಅಮೆರಿಕದ ವಿದ್ವತ್ಪರಿಷತ್ತು ದಿನಕ್ಕೆ ಇಷ್ಟು ಸತುವು ಬೇಕೆಂದು ಪ್ರಮಾಣವನ್ನು ಗೊತ್ತುಮಾಡಿತು.

ಶಿರಾಜಿನ ಕಥೆಗೆ ಒಂದು ಅಸಾಧಾರಣವಾದ ಆಕರ್ಷಣವಿದೆ. ಕೊರತೆ, ದಾನ, ಪೂರ್ಣತೆ ಎಂಬ ಮೂರು ಹೆಜ್ಜೆಗಳಲ್ಲಿ ಅದು ಮುಗಿಯುತ್ತದೆ. ಜನಪದ ಕಥೆಗಳಲ್ಲಿ ಶಾಪಗ್ರಸ್ತನಾದ ಕುಮಾರನು ಒಂದು ಹಣ್ಣನ್ನು ತಿಂದು ನಿಜರೂಪವನ್ನು ಪಡೆಯುವಂತೆ. ಆ ರೋಗಿಗಳ ವಿಷಯದಲ್ಲಿ ಈ ಆಕೃತಿಯು ಸತ್ಯವೇ ಆಗಿದ್ದಿತು. ತೊಡಕು ಹುಟ್ಟುವುದು ಅದೇ ಆಕೃತಿಯನ್ನು ಎತ್ತಿ ಮುಪ್ಪಿನ ಮೇಲೆ ಇಟ್ಟಾಗ. ಸತುವಿಲ್ಲದ ಹುಡುಗನು ಸೋಂಕುಗಳಿಗೆ ಸುಲಭವಾಗಿ ತುತ್ತಾಗುತ್ತಾನೆ, ಅವನ ಥೈಮಸ್ ಗ್ರಂಥಿಯು ಕುಗ್ಗುತ್ತದೆ, ಟಿ ಜೀವಕಣಗಳು ಕಡಮೆಯಾಗುತ್ತವೆ. ಮುದುಕನಲ್ಲಿಯೂ ಇವು ಮೂರೂ ಕಾಣುವುವು. ಆದ್ದರಿಂದ ಮುದುಕನಲ್ಲಿಯೂ ಸತುವಿಲ್ಲ. ಇದು ಉಪಮಾನ, ಅನುಮಾನವಲ್ಲ. ಹೊಗೆಯಂತೆ ತೋರಿದ್ದೆಲ್ಲ ಹೊಗೆಯಾಗಲಾರದೆಂದು ನೈಯಾಯಿಕರು ಎಚ್ಚರಿಸಿರುವುದು ಇಂಥ ಸಂದರ್ಭಕ್ಕಾಗಿಯೇ. ಉಪಮಾನವು ಶೋಧನೆಗೆ ದಾರಿಯನ್ನು ತೋರಿತೆಂಬುದೇನೋ ನಿಜ, ಅದರ ಉಪಕಾರವನ್ನು ಅಲ್ಲಗಳೆಯಬೇಕಾಗಿಲ್ಲ.

ಆ ದಾರಿಯಲ್ಲಿ ಮೊದಲು ದೊರೆತದ್ದು ಥೈಮುಲಿನ್. ಎದೆಯೆಲುಬಿನ ಹಿಂದಿರುವ ಥೈಮಸ್ ಗ್ರಂಥಿಯು ಟಿ ಜೀವಕಣಗಳ ಪಾಠಶಾಲೆ. ಅದು ಸ್ರವಿಸುವ, ಒಂಬತ್ತು ಅಮಿನೊ ಆಮ್ಲಗಳ ಒಂದು ಸಣ್ಣ ಸರಪಣಿಯನ್ನು ಪ್ಯಾರಿಸಿನ ಜಾನ್ ಫ್ರಾಂಸ್ವಾ ಬಾಕ್ ಮತ್ತು ಅವರ ಸಂಗಡಿಗರು ಗುರುತಿಸಿದರು; 1982ರಲ್ಲಿ ಅವರೂ ಮಿರೈಲ್ ದಾರ್ದೆನ್ ಅವರೂ ಸೇರಿ, ಈ ಸರಪಣಿಯು ಸತುವಿನೊಡನೆ ಕೂಡಿದಾಗ ಮಾತ್ರ ಕಾರ್ಯಕಾರಿಯಾಗುವುದೆಂದು ತೋರಿಸಿದರು. ಬಳಿಕ ಇಟಲಿಯ ಆಂಕೋನಾ ನಗರದಲ್ಲಿ ನಿಕೋಲಾ ಫಾಬ್ರಿಸ್, ಯೂಜೇನಿಯೊ ಮೊಕ್ಕೆಜಾನಿ ಮೊದಲಾದವರು ವೃದ್ಧರ ರಕ್ತವನ್ನು ಪರೀಕ್ಷಿಸಿದರು. ಅಲ್ಲಿ ಕಾರ್ಯಕಾರಿಯಾದ ಥೈಮುಲಿನ್ ಅತ್ಯಲ್ಪ. ಆದರೆ ಅದೇ ರಕ್ತದ್ರವಕ್ಕೆ ಕೊಳವೆಯಲ್ಲಿಯೇ ಸತುವನ್ನು ಬೆರೆಸಿದಾಗ ಕಾರ್ಯಶಕ್ತಿಯು ಬಹುಮಟ್ಟಿಗೆ ಮರಳಿತು. ಎಂದರೆ ಸರಪಣಿಯು ಇದ್ದೇ ಇದ್ದಿತು. ಸತುವು ಅದಕ್ಕೆ ಸೇರಿರಲಿಲ್ಲ. ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ ಪ್ರಕೃತಿಯಿದೆ, ಪ್ರತ್ಯಯವಿಲ್ಲ. ಪದವಾಗಲಿಲ್ಲ, ವಾಕ್ಯಕ್ಕೆ ಬರಲಿಲ್ಲ. ಈ ವಾಙ್ಮಯದಲ್ಲಿ ಇಷ್ಟು ಸ್ವಚ್ಛವಾದ ಇನ್ನೊಂದು ಪ್ರಯೋಗವು ಅಪರೂಪ.

ಆದರೂ ಇದರಿಂದ ಸಿದ್ಧವಾಗುವುದಕ್ಕಿಂತ ಹೆಚ್ಚಿನದನ್ನು ಸಾಧಿಸಿದಂತೆ ಬರೆದವರು ಉಂಟು. ಥೈಮಸ್ ಗ್ರಂಥಿಯು ಕುಗ್ಗತೊಡಗುವುದು ಮುಪ್ಪಿನಲ್ಲಲ್ಲ. ಬಾಲ್ಯವು ಕಳೆಯುವುದಕ್ಕೆ ಮುಂಚೆಯೇ ಅದರ ಕ್ಷಯವು ಆರಂಭವಾಗಿರುತ್ತದೆ, ಸತುವು ಯಥೇಷ್ಟವಾಗಿರುವ ದೇಹದಲ್ಲಿಯೂ ಹಾಗೆಯೇ. ಮುದಿ ಇಲಿಗಳಿಗೆ ಸತುವನ್ನು ಉಣಿಸಿದಾಗ ಗ್ರಂಥಿಯು ಸ್ವಲ್ಪ ಚೇತರಿಸಿಕೊಂಡಿತೆಂಬುದು ಸಂತೋಷದ ವಿಷಯವೇ ಸರಿ. ಕ್ಷಯಕ್ಕೆ ಸತುವಿನ ಅಭಾವವೇ ಮೂಲಕಾರಣವೆಂಬುದು ಅದರಿಂದ ಹೊರಡುವುದಿಲ್ಲ. ಬಾಡಿದ ಗಿಡಕ್ಕೆ ನೀರೆರೆದಾಗ ನಾಲ್ಕು ಎಲೆ ಚಿಗುರಿದರೆ, ಗಿಡಕ್ಕೆ ವಯಸ್ಸಾದುದು ನೀರಿಲ್ಲದೆ ಎಂದು ಹೇಳಲಾದೀತೇ?

ಆಂಕೋನಾದವರ ನಿಜವಾದ ಹಿರಿಮೆಯು ಮುಂದಿನ ಪ್ರಶ್ನೆಯಲ್ಲಿದೆ. ದೇಹದಲ್ಲಿ ಎರಡು ಮೂರು ಗ್ರಾಂ ಸತುವಿರುವಾಗ ಥೈಮುಲಿನ್‌ಗೆ ಬೇಕಾದ ಲೇಶವು ಏಕೆ ದೊರೆಯಲಿಲ್ಲ? ಇದಕ್ಕೆ ಅವರು ಕೊಟ್ಟ ಉತ್ತರ ಮೆಟಾಲೊಥಯೊನೀನ್ ಎಂಬ ಪ್ರೋಟೀನು. 1957ರಲ್ಲಿ ಕುದುರೆಯ ಮೂತ್ರಪಿಂಡದಿಂದ ಮಾರ್ಗೋಶಸ್ ಮತ್ತು ವಲ್ಲೀ ಎಂಬವರು ತೆಗೆದ ಈ ಪ್ರೋಟೀನು ಒಂದೊಂದೂ ಏಳೇಳು ಸತುವಿನ ಅಣುಗಳನ್ನು ಹಿಡಿದಿಟ್ಟುಕೊಳ್ಳಬಲ್ಲುದು. ಯೌವನದಲ್ಲಿ ಗಾಯವೋ ಜ್ವರವೋ ಬಂದಾಗ ಇದು ಹೆಚ್ಚಾಗಿ ಹುಟ್ಟಿ ಸತುವನ್ನು ಸಂಗ್ರಹಿಸುತ್ತದೆ. ಆಪತ್ತು ಕಳೆದೊಡನೆ ಬಿಟ್ಟುಕೊಡುತ್ತದೆ. ಮುಪ್ಪಿನಲ್ಲಾದರೋ ಆಪತ್ತು ಕಳೆಯುವುದೇ ಇಲ್ಲ. ಮಂದವಾದ ಉರಿಯೂತವೊಂದು ಹಗಲಿರುಳೂ ಇರುವುದರಿಂದ ಪ್ರೋಟೀನಿನ ಉತ್ಪತ್ತಿಯೂ ನಿಲ್ಲುವುದಿಲ್ಲ, ಹಿಡಿತವೂ ಸಡಿಲುವುದಿಲ್ಲ. ಬಯಲುಸೀಮೆಯ ಹಗೇವುಗಳಲ್ಲಿ ಜೋಳವು ತುಂಬಿದ್ದೂ ಬಾಯಿ ತೆಗೆಯುವವರಿಲ್ಲದೆ ಮನೆಯಲ್ಲಿ ಒಲೆ ಹೊತ್ತದಂಥ ಸ್ಥಿತಿ ಇದು. ಯೌವನದಲ್ಲಿ ಉಪಕಾರಕವಾದ ಗುಣವೇ ಮುಪ್ಪಿನಲ್ಲಿ ಅಪಕಾರಕವಾಗಬಹುದೆಂದು ಜಾರ್ಜ್ ವಿಲಿಯಮ್ಸ್ ಎಂಬ ಜೀವಶಾಸ್ತ್ರಜ್ಞನು ತತ್ತ್ವರೂಪವಾಗಿ ಹೇಳಿದ್ದನ್ನು ಮೊಕ್ಕೆಜಾನಿಯವರು ಇಲ್ಲಿಗೆ ಅನ್ವಯಿಸಿದರು. ವಿಲಿಯಮ್ಸನ ಲೇಖನವು ಹೊರಬಿದ್ದುದೂ 1957ರಲ್ಲಿಯೇ ಎಂಬುದು ಕಾಕತಾಳೀಯ. ಎರಡೂ ಒಂದುಗೂಡಲು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ಪ್ರಶ್ನೆಯ ಸ್ವರೂಪವೇ ಇಲ್ಲಿ ಬದಲಾಯಿತೆಂಬುದನ್ನು ಗಮನಿಸಬೇಕು. ಸತುವು ಎಷ್ಟಿದೆ ಎಂಬುದಲ್ಲ. ಯಾರ ಕೈಯಲ್ಲಿದೆ ಎಂಬುದು. ಹೀಗಿರುವಲ್ಲಿ ‘ಕೊರತೆ’ ಎಂಬ ಪದವನ್ನು ಎರಡಕ್ಕೂ ಸಮಾನವಾಗಿ ಬಳಸುವುದು ಶಾಸ್ತ್ರಕ್ಕೆ ದ್ರೋಹ. ಶಿರಾಜಿನ ಹುಡುಗನಿಗಿದ್ದುದು ಅಭಾವ. ಆಂಕೋನಾದ ವೃದ್ಧನಿಗಿರುವುದು ಅಲಭ್ಯತೆ. ಆದರೆ ಈ ಸಿದ್ಧಾಂತದಲ್ಲಿಯೂ ಒಂದು ದೋಷವನ್ನು ಹೇಳದಿರಲಾಗದು. ತಾರುಣ್ಯದಲ್ಲಿ ಒಳ್ಳೆಯದು, ಮುಪ್ಪಿನಲ್ಲಿ ಕೆಟ್ಟದ್ದು ಎಂದು ಪ್ರೋಟೀನಿಗೆ ಶೀಲವನ್ನು ಆರೋಪಿಸುವ ಮಾತು ಕೇಳಲು ಚೆನ್ನಾಗಿದೆ, ನೆನಪಿನಲ್ಲಿಯೂ ಉಳಿಯುತ್ತದೆ. ಮೆಟಾಲೊಥಯೊನೀನ್ ಕೇವಲ ಬೀಗಮುದ್ರೆಯಾದ ಕಣಜವಲ್ಲ; ಅದರ ಏಳು ಸ್ಥಾನಗಳಲ್ಲಿ ಕೆಲವು ಬಿಗಿ, ಕೆಲವು ಸಡಿಲ; ಉತ್ಕರ್ಷಣದ ತಾಗುವಿಕೆಯಿಂದ ಸತುವು ಬಿಡುಗಡೆಯಾಗುವುದೂ ಉಂಟು. ನೀತಿಕಥೆಯ ಚೌಕಟ್ಟಿಗೆ ಇಷ್ಟು ವಿವರವು ಹಿಡಿಸುವುದಿಲ್ಲವಾದ್ದರಿಂದ ಜನಪ್ರಿಯ ಲೇಖನಗಳಲ್ಲಿ ಅದು ಬಿಟ್ಟುಹೋಗುತ್ತದೆ.

ಇನ್ನು ರಕ್ತಪರೀಕ್ಷೆಯ ವಿಷಯ. ಈ ವಾಙ್ಮಯದ ಅತ್ಯಂತ ದುರ್ಬಲವಾದ ಸ್ಥಾನ ಇದು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡತಕ್ಕದ್ದು. ದೇಹದ ಸತುವಿನಲ್ಲಿ ಬಹುಪಾಲು ಮಾಂಸದಲ್ಲಿಯೂ ಎಲುಬಿನಲ್ಲಿಯೂ ಇರುವುದು. ರಕ್ತದ್ರವದಲ್ಲಿರುವುದು ಸಾವಿರದಲ್ಲಿ ಒಂದು ಪಾಲಿನಷ್ಟು. ಆ ಒಂದು ಪಾಲನ್ನು ಅಳೆದು ಸಾವಿರ ಪಾಲಿನ ಸ್ಥಿತಿಯನ್ನು ಹೇಳುವುದು ಸಾಹಸದ ಕೆಲಸ. ಅದೂ ಆ ಪಾಲು ನಿಶ್ಚಲವಾಗಿದ್ದರೆ ಆದೀತು, ಅದು ನಿಶ್ಚಲವಲ್ಲ. ಸೋಂಕು ತಗುಲಿದೊಡನೆ ಇಂಟರ್‌ಲ್ಯೂಕಿನ್-6 ಎಂಬ ಸಂದೇಶದ್ರವ್ಯವು ಯಕೃತ್ತನ್ನು ಮುಟ್ಟಿ, ಅಲ್ಲಿಯ ಜಿಪ್-14 ಎಂಬ ವಾಹಕವನ್ನು ಹೆಚ್ಚಿಸಿ, ರಕ್ತದ ಸತುವನ್ನು ಯಕೃತ್ತಿಗೆ ಎಳೆದುಕೊಳ್ಳುವುದೆಂದು 2005ರಲ್ಲಿ ತೋರಿಸಲಾಯಿತು. ಇತ್ತ ರಕ್ತದ ಬಿಳಿಯ ಕಣಗಳಲ್ಲಿ ಕೆಲವು ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನನ್ನು ಸುರಿದು, ಸೂಕ್ಷ್ಮಜೀವಿಗಳಿಗೆ ಸತುವು ಸಿಕ್ಕದಂತೆ ಮಾಡುತ್ತವೆ. ಮುತ್ತಿಗೆಯ ಕಾಲದಲ್ಲಿ ಊರ ಹೊರಗಿನ ಬಾವಿಗಳನ್ನು ಮುಚ್ಚುವ ರಾಜನೀತಿಯಿದು. ಹೀಗೆ ರಕ್ತದಲ್ಲಿ ಸತುವು ಇಳಿಯುವುದು ಕೆಲವೊಮ್ಮೆ ರಕ್ಷಣೆಯ ಕ್ರಿಯೆಯೇ ಆಗಿರುತ್ತದೆ.

ಕ್ಲಾಡಿಯೊ ಫ್ರಾನ್ಸೆಸ್ಕಿಯವರು 2000ದಲ್ಲಿ ವೃದ್ಧದೇಹದ ಒಂದು ಸಾಮಾನ್ಯ ಲಕ್ಷಣವನ್ನು ಹೆಸರಿಸಿದರು: ಯಾವ ಸೋಂಕೂ ಕಾಣದಿರುವಾಗಲೂ ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಮೊದಲಾದವು ಮೇಲ್ಮಟ್ಟದಲ್ಲಿ ನಿಂತಿರುವುದು. ಈಗ ಎರಡನ್ನೂ ಸೇರಿಸಿ ಓದಬೇಕು. ವೃದ್ಧರಲ್ಲಿ ಉರಿಯೂತವು ಸದಾ ಇರುವುದಾದರೆ, ಉರಿಯೂತದಿಂದ ರಕ್ತದ ಸತುವು ಇಳಿಯುವುದಾದರೆ, ವೃದ್ಧರ ರಕ್ತದಲ್ಲಿ ಸತುವು ಕಡಿಮೆಯಿರುವುದು ಅವರ ದುರ್ಬಲತೆಗೆ ಹೇತುವೋ ಫಲವೋ? 2007ರಲ್ಲಿ ಬಾಸ್ಟನ್ ಪ್ರಾಂತದ ವೃದ್ಧಾಶ್ರಮಗಳ 600ಕ್ಕೂ ಹೆಚ್ಚು ನಿವಾಸಿಗಳ ದಾಖಲೆಗಳಿಂದ ಒಂದು ಫಲಿತಾಂಶವು ಪ್ರಕಟವಾಯಿತು: ರಕ್ತದ ಸತುವು ಸಹಜಮಟ್ಟದಲ್ಲಿದ್ದವರಿಗೆ ಪುಪ್ಪುಸಜ್ವರವು ಕಡಿಮೆ ಬಂದಿತು. ಈ ವಾಕ್ಯವನ್ನು ಎಷ್ಟೋ ಮಂದಿ ಉದ್ಧರಿಸಿರುವರು. ಉದ್ಧರಿಸಿದವರಲ್ಲಿ ಬಹುಮಂದಿ ಇದನ್ನು ಸತುವಿನಿಂದ ಪುಪ್ಪುಸಜ್ವರವು ತಪ್ಪಿತೆಂದು ಓದಿರುವರು. ಉರಿಯೂತವು ಕಡಿಮೆಯಿದ್ದವರಲ್ಲಿ ಸತುವೂ ಹೆಚ್ಚಾಗಿ ಉಳಿಯಿತು, ಜ್ವರವೂ ಕಡಿಮೆಯಾಯಿತು ಎಂಬ ಓದಿಗೂ ಆ ಅಂಕಿಗಳು ಅಷ್ಟೇ ಎಡೆಗೊಡುತ್ತವೆ. ಒಂದೇ ಪದ್ಯಕ್ಕೆ ಎರಡು ಅನ್ವಯಗಳು ಸಾಧ್ಯವಾದಾಗ ಒಂದನ್ನು ಮಾತ್ರ ಕೊಟ್ಟು ಇನ್ನೊಂದನ್ನು ಮರೆಸುವ ಟೀಕಾಕಾರನನ್ನು ವಿದ್ಯಾರ್ಥಿಗಳು ಕೂಡ ಕ್ಷಮಿಸರು.

ಕಾರ್ಯಕಾರಣವು ಚಕ್ರವಾಗಿಯೂ ಇರಬಹುದು. ಇರುವುದಕ್ಕೆ ಒಳ್ಳೆಯ ಸಾಕ್ಷ್ಯವಿದೆ. ಆ ಸಾಕ್ಷ್ಯವು ದೊರೆತುದು ಸತುವನ್ನು ದ್ರವ್ಯವೆಂದು ಮಾತ್ರ ನೋಡದೆ ಸಂಜ್ಞೆಯೆಂದು ನೋಡಿದವರಿಂದ. ಮಾನವದೇಹದಲ್ಲಿ ಸತುವನ್ನು ಜೀವಕೋಶದ ಒಳಗೆ ತರುವ ಜಿಪ್ ಎಂಬ ವಾಹಕಗಳು 14, ಹೊರಕ್ಕೋ ಒಳಕೋಣೆಗಳಿಗೋ ಸಾಗಿಸುವ ವಾಹಕಗಳು 10. ಇಷ್ಟು ಬಾಗಿಲುಗಳು ಒಂದು ಸಾಮಾನ್ಯ ಪೋಷಕಾಂಶಕ್ಕೆ ಏಕೆ? 2006ರಲ್ಲಿ ಜಪಾನಿನ ಶೋಧಕರು ಇದಕ್ಕೆ ಒಂದು ಉತ್ತರವನ್ನು ಕೊಟ್ಟರು. ಸೂಕ್ಷ್ಮಜೀವಿಯ ಗುರುತನ್ನು ಕಂಡ ಡೆಂಡ್ರೈಟಿಕ್ ಎಂಬ ಕಾವಲು ಜೀವಕೋಶದಲ್ಲಿ ಜಿಪ್-6 ಕಡಿಮೆಯಾಗುತ್ತದೆ. ಒಳಗಿನ ಬಿಡಿ ಸತುವು ಇಳಿಯುತ್ತದೆ. ಆ ಇಳಿತವೇ ಜೀವಕೋಶವು ಎಚ್ಚತ್ತು ಟಿ ಕಣಗಳಿಗೆ ಸುದ್ದಿಯನ್ನು ಮುಟ್ಟಿಸುವಂತೆ ಮಾಡುತ್ತದೆ. ಇಲ್ಲಿ ಸತುವಿನ ಕಡಿಮೆಯಾಗುವಿಕೆಯು ದೌರ್ಬಲ್ಯವಲ್ಲ, ಉಚ್ಚಾರಣೆ. ಟಿ ಕಣಗಳಲ್ಲಿಯಾದರೋ ಇದಕ್ಕೆ ವಿಪರ್ಯಯ. ಅಲ್ಲಿ ಉದ್ದೀಪನವಾದಾಗ ಸತುವು ಏರಬೇಕು. ಒಂದೇ ಅಕ್ಷರವು ಒಂದು ಪದದಲ್ಲಿ ಹ್ರಸ್ವವಾಗಿಯೂ ಇನ್ನೊಂದರಲ್ಲಿ ದೀರ್ಘವಾಗಿಯೂ ಅರ್ಥವನ್ನು ಕೊಡುವಂತೆ ಈ ಏರಿಳಿತಗಳು ಸ್ಥಾನಾನುಸಾರವಾಗಿ ಅರ್ಥವತ್ತಾಗಿರುವುವು.

ಅಮೆರಿಕದ ಆರಿಗನ್ ಪ್ರಾಂತದಲ್ಲಿ ಎಮಿಲಿ ಹೋ ಮತ್ತು ಅವರ ಸಂಗಡಿಗರು 2013ರಲ್ಲಿ ಪ್ರಕಟಿಸಿದ ಲೇಖನವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಮುದಿ ಇಲಿಗಳ ನಿರೋಧಕ ಕಣಗಳಲ್ಲಿ ವಾಹಕಗಳ ವ್ಯವಸ್ಥೆಯು ಕೆಟ್ಟಿರುವುದನ್ನು ಅವರು ಕಂಡರು. ಜಿಪ್-6ರ ಜೀನಿನ ಆದಿಭಾಗದಲ್ಲಿ ಮೆಥೈಲ್ ಮುದ್ರೆಗಳು ಹೆಚ್ಚಾಗಿ ಬಿದ್ದಿದ್ದುವು. ಆಹಾರದಲ್ಲಿ ಸತುವನ್ನು ಹೆಚ್ಚಿಸಿದಾಗ ಆ ಇಲಿಗಳ ಉರಿಯೂತವು ತಗ್ಗಿತು. 2015ರ ಇನ್ನೊಂದು ಲೇಖನದಲ್ಲಿ, ಸತುವಿಲ್ಲದಾಗ ಇಂಟರ್‌ಲ್ಯೂಕಿನ್-6ರ ಜೀನಿನ ಮೇಲಿನ ಮುದ್ರೆಗಳು ಅಳಿಸಿಹೋಗಿ ಅದು ಸುಲಭವಾಗಿ ಹೊರಹೊಮ್ಮುವುದೆಂದು ತೋರಿಸಿದರು. ಹಾಗಾದರೆ ಚಕ್ರವು ಪೂರ್ಣವಾಯಿತು: ಒಳಗೆ ಸತುವು ಕುಂದಿದರೆ ಇಂಟರ್‌ಲ್ಯೂಕಿನ್-6 ಏರುವುದು; ಅದು ಏರಿದರೆ ರಕ್ತದ ಸತುವು ಯಕೃತ್ತಿಗೆ ಸೇರಿ ಇನ್ನೂ ಕುಂದುವುದು. ಬೀಜವೃಕ್ಷನ್ಯಾಯ. ಜಪಾನಿನವರು ತೋರಿಸಿದ ಕ್ಷಣಿಕವಾದ ಎಚ್ಚರವು ಮುಪ್ಪಿನಲ್ಲಿ ಶಾಶ್ವತವಾಗಿ, ಕಾವಲುಗಾರನು ರಾತ್ರಿಯೆಲ್ಲ ಕೂಗುತ್ತಲೇ ಇರುವಂತಾಗುವುದೋ ಎಂದು ಊಹಿಸಲು ಎಡೆಯುಂಟು. ಎರಡು ಕಡೆಯ ಜೀವಕೋಶಗಳೂ ಬೇರೆ, ಪ್ರಾಣಿಯು ಇಲಿ. ಆದ್ದರಿಂದ ಊಹೆಯನ್ನು ಊಹೆಯ ಬೆಲೆಗೇ ಮಾರಬೇಕು.

ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಹೆಸರುವಾಸಿಯಾದದ್ದು ಪ್ರಸಾದರು ಡೆಟ್ರಾಯಿಟ್ ನಗರದಲ್ಲಿ ಮಾಡಿ 2007ರಲ್ಲಿ ಪ್ರಕಟಿಸಿದುದು. 55ರಿಂದ 87 ವರ್ಷದ 50 ಮಂದಿ. ಅರ್ಧದಷ್ಟು ಮಂದಿಗೆ ದಿನಕ್ಕೆ 45 ಮಿಲಿಗ್ರಾಂ ಸತು, ಉಳಿದವರಿಗೆ ಹುಸಿಗುಳಿಗೆ. ಅವಧಿ ಹನ್ನೆರಡು ತಿಂಗಳು. ಸತುವನ್ನು ಪಡೆದವರಲ್ಲಿ ಸೋಂಕುಗಳು ಸ್ಪಷ್ಟವಾಗಿ ಕಡಿಮೆಯಾದುವು, ಉರಿಯೂತದ ಗುರುತುಗಳೂ ಇಳಿದುವು. ಇದು ವೀಕ್ಷಣೆಯಲ್ಲ, ಪ್ರಯೋಗ; ಇದರಲ್ಲಿ ಹೇತುಫಲಗಳ ಗೊಂದಲಕ್ಕೆ ಎಡೆಯಿಲ್ಲ. ಇದಕ್ಕೆ ಸಲ್ಲತಕ್ಕ ಗೌರವವು ಸಲ್ಲಬೇಕು. ಆದರೆ 50 ಎಂಬ ಸಂಖ್ಯೆಯನ್ನೂ 45 ಎಂಬ ಸಂಖ್ಯೆಯನ್ನೂ ಒಟ್ಟಿಗೆ ನೆನಪಿಡಬೇಕು. ಅಮೆರಿಕದಲ್ಲಿಯೇ 2001ರಲ್ಲಿ ಗೊತ್ತುಮಾಡಿದ ದಿನದ ಗರಿಷ್ಠ ಮಿತಿ 40 ಮಿಲಿಗ್ರಾಂ. ಈ ಮಿತಿಗೆ ಕಾರಣ ತಾಮ್ರ: ಸತುವು ಅಧಿಕವಾದಾಗ ಕರುಳಿನ ಗೋಡೆಯಲ್ಲಿ ಮೇಲೆ ಹೇಳಿದ ಮೆಟಾಲೊಥಯೊನೀನೇ ಹೆಚ್ಚಿ, ತಾಮ್ರವನ್ನು ಹಿಡಿದುಕೊಂಡು ಮಲದೊಡನೆ ಹೊರಹಾಕಿಸುತ್ತದೆ. ತಾಮ್ರವಿಲ್ಲದಾದರೆ ರಕ್ತಹೀನತೆ, ಬಿಳಿಯ ಕಣಗಳ ಕ್ಷಯ, ನರಗಳಿಗೆ ಹಾನಿ. ರೋಗನಿರೋಧಕ್ಕಾಗಿ ತಿಂದ ಗುಳಿಗೆಯು ರೋಗನಿರೋಧದ ಕಣಗಳನ್ನೇ ತಿನ್ನುವ ಈ ವಿಪರ್ಯಾಸವನ್ನು ತಿಳಿದೇ, ಕಣ್ಣಿನ ಒಂದು ವೃದ್ಧರೋಗಕ್ಕೆ 80 ಮಿಲಿಗ್ರಾಂ ಸತುವನ್ನು ಕೊಟ್ಟು ಪರೀಕ್ಷಿಸಿದವರು ಅದರೊಡನೆ 2 ಮಿಲಿಗ್ರಾಂ ತಾಮ್ರವನ್ನೂ ಸೇರಿಸಿದರು. ಕನ್ನಡ ಲೇಖನಗಳಲ್ಲಿ ಸತುವಿನ ಮಾತು ಬಂದಲ್ಲಿ ತಾಮ್ರದ ಮಾತು ಬರುವುದು ಬಹಳ ವಿರಳ. 2016ರಲ್ಲಿ ಬಾಸ್ಟನ್ನಿನವರೇ ವೃದ್ಧಾಶ್ರಮವಾಸಿಗಳಿಗೆ ಮೂರು ತಿಂಗಳ ಕಾಲ ದಿನಕ್ಕೆ 30 ಮಿಲಿಗ್ರಾಂ ಕೊಟ್ಟಾಗ ರಕ್ತದ ಸತುವೂ ಟಿ ಕಣಗಳ ಸಂಖ್ಯೆಯೂ ಏರಿದುವು. ಅಲ್ಲಿಯೂ ಪರೀಕ್ಷಿತರು ಅಲ್ಪಸಂಖ್ಯಾತರೇ. ಸತುವಿಗೆ ದೇಹವು ಓಗೊಡುವ ಬಗೆಯು ಎಲ್ಲರಲ್ಲಿಯೂ ಒಂದೇ ಅಲ್ಲ, ಇಂಟರ್‌ಲ್ಯೂಕಿನ್-6ರ ಜೀನಿನ ಪಾಠಾಂತರಗಳಿಗೆ ಅನುಸಾರವಾಗಿ ಬೇರೆಬೇರೆಯಾಗಿರುವುದು ಎಂದು ಆಂಕೋನಾದವರು ಹೇಳಿರುವರು. ಪಾಠಾಂತರಗಳ ಮಹತ್ತ್ವವನ್ನು ಗ್ರಂಥಸಂಪಾದಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2020-21ರ ಕೋವಿಡ್ ಮಹಾಮಾರಿಯ ಕಾಲದಲ್ಲಿ ಸತುವಿನ ಗುಳಿಗೆಗಳು ಮನೆಮನೆಗೂ ಹೋದುವು. 2021ರಲ್ಲಿ ಅಮೆರಿಕದಲ್ಲಿ 214 ಮಂದಿ ರೋಗಿಗಳ ಮೇಲೆ ಮಾಡಿದ ಪರೀಕ್ಷೆಯು, ಅದರಿಂದ ರೋಗಲಕ್ಷಣಗಳು ಬೇಗನೆ ತಗ್ಗುವ ಸೂಚನೆ ಕಾಣದುದರಿಂದ, ಅವಧಿಗೆ ಮುಂಚೆಯೇ ನಿಂತಿತು. ಅವರು ವಯಸ್ಸಿನಿಂದ ಆರಿಸಿದ ವೃದ್ಧರಲ್ಲ, ಸತುವಿನ ಅಭಾವದಿಂದ ಆರಿಸಿದವರೂ ಅಲ್ಲ. ಆದ್ದರಿಂದ ಈ ಪರೀಕ್ಷೆಯಿಂದ ಮೇಲಿನ ಸಿದ್ಧಾಂತಗಳಿಗೆ ಬಾಧೆಯೇನೂ ಬರಲಿಲ್ಲ. ಬಾಧೆ ಬಂದುದು ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ಸತುವೇ ಎಂಬ ಘೋಷಣೆಗೆ.

ಪ್ರಾಚೀನರು ಇದನ್ನೆಲ್ಲ ಬಲ್ಲವರಾಗಿದ್ದರೆಂಬ ಮಾತನ್ನೂ ಪರಿಶೀಲಿಸಬೇಕು. ಜರೆಯನ್ನು ತಡೆಯುವುದಕ್ಕೆಂದೇ ಚರಕಸಂಹಿತೆಯಲ್ಲಿ ರಸಾಯನಾಧ್ಯಾಯವಿದೆ, ಅಲ್ಲಿ ನೆಲ್ಲಿ, ಅಳಲೆ, ಶಿಲಾಜತು, ಕಬ್ಬಿಣ, ಚಿನ್ನಗಳಿವೆ, ಯಶದವಿಲ್ಲ. ಖರ್ಪರವೆಂಬ ಸತುವಿನ ಅದಿರು ಬಹುಕಾಲದ ಮೇಲೆ ರಸಗ್ರಂಥಗಳ ಮೂಲಕ ಔಷಧಗಳಿಗೆ ಬಂದಿತು. ಜೀರ್ಣಜ್ವರಕ್ಕೆ ಹೇಳಿದ ವಸಂತಮಾಲತಿಯಲ್ಲಿ ಚಿನ್ನ ಮುತ್ತುಗಳ ಜೊತೆಗೆ ಅದೂ ಸೇರಿದೆ. ಇಷ್ಟರಿಂದ ಥೈಮುಲಿನ್ನಿನ ಜ್ಞಾನವನ್ನು ಪ್ರಾಚೀನರಿಗೆ ಕಟ್ಟುವುದು ಅವರಿಗೆ ಮಾಡುವ ಗೌರವವಲ್ಲ. ಅವರು ನಿಜವಾಗಿ ಸಾಧಿಸಿದ್ದನ್ನು ಮರೆತುಬಿಡುವುದಷ್ಟೆ. ಸಾಧಿಸಿದ್ದೇನು? ಸತುವಿನ ಅದಿರನ್ನು ಇದ್ದಿಲಿನೊಡನೆ ಕಾಯಿಸಿದರೆ ಲೋಹವು ದ್ರವವಾಗಿ ಇಳಿಯುವುದಿಲ್ಲ. 907 ಡಿಗ್ರಿಯಲ್ಲಿಯೇ ಕುದಿದು ಆವಿಯಾಗುವುದರಿಂದ ಹುಟ್ಟುವಾಗಲೇ ಹೊಗೆಯಾಗಿ ಹಾರಿ, ಗಾಳಿ ತಾಗಿದೊಡನೆ ಬೂದಿಯಾಗುವುದು. ಅದನ್ನು ಹಿಡಿಯಬೇಕಾದರೆ ಆವಿಯನ್ನು ಗಾಳಿ ತಾಗದಂತೆ ತಣಿಸಬೇಕು. ರಸರತ್ನಸಮುಚ್ಚಯದಲ್ಲಿ ಇದಕ್ಕೆ ಬದನೆಕಾಯಿಯ ಆಕಾರದ ಮೂಷೆಯನ್ನೂ ಅದಕ್ಕೆ ಜೋಡಿಸತಕ್ಕ ನಾಳವನ್ನೂ ವಿವರಿಸಿ, ಜ್ವಾಲೆಯ ಬಣ್ಣವು ಬದಲಾಗುವುದನ್ನು ಕಂಡು ಸತ್ತ್ವವನ್ನು ಇಳಿಸಬೇಕೆಂದು ಹೇಳಿದೆ. ಪ್ರಫುಲ್ಲಚಂದ್ರ ರಾಯರು ಹಿಂದೂ ರಸಾಯನಶಾಸ್ತ್ರದ ಚರಿತ್ರೆಯಲ್ಲಿ ಇದನ್ನು ವಿದ್ವಜ್ಜನರ ಗಮನಕ್ಕೆ ತಂದರು. 1980ರ ದಶಕದಲ್ಲಿ ರಾಜಸ್ಥಾನದ ಜಾವರದಲ್ಲಿ ಅಗೆದಾಗ ಅದೇ ಬದನೆಕಾಯಿಯಾಕಾರದ ಮಣ್ಣಿನ ಮೂಷೆಗಳು, ಒಂದೊಂದು ಕುಲುಮೆಗೆ 36ರಂತೆ ಜೋಡಿಸಿದ್ದವು, ಸಿಕ್ಕಿದುವು. ಯುರೋಪಿನಲ್ಲಿ ಬ್ರಿಸ್ಟಲಿನ ಚಾಂಪಿಯನ್ ಎಂಬವನು ಸತುವನ್ನು ತೆಗೆಯುವ ವಿಧಾನಕ್ಕೆ ಹಕ್ಕುಪತ್ರವನ್ನು ಪಡೆದುದು 1738ರಲ್ಲಿ. ಗ್ರಂಥವೂ ನೆಲವೂ ಒಂದನ್ನೊಂದು ಹೀಗೆ ಸಮರ್ಥಿಸುವ ಉದಾಹರಣೆಗಳು ಭಾರತೀಯ ಶಾಸ್ತ್ರವಾಙ್ಮಯದಲ್ಲಿ ಹೆಚ್ಚಿಲ್ಲ. ಕನ್ನಡದ ಸತು ಎಂಬ ಮಾತಿಗೂ ರಸಗ್ರಂಥಗಳ ಸತ್ತ್ವಕ್ಕೂ ನಂಟನ್ನು ಹೇಳಲು ಮನಸ್ಸಾಗುವುದುಂಟು. ಧ್ವನಿಸಾಮ್ಯವೊಂದೇ ವ್ಯುತ್ಪತ್ತಿಗೆ ಪ್ರಮಾಣವಾಗದು.

ಉಳಿದುದು ಕನ್ನಡದ ಪರಿಭಾಷೆ. ‘ರೋಗನಿರೋಧಕ ಶಕ್ತಿ’ ಎಂಬುದು ಈಗ ಬೇರೂರಿರುವ ಪ್ರಯೋಗ. ಶಕ್ತಿಯೆಂದ ಮೇಲೆ ಅದಕ್ಕೆ ಹೆಚ್ಚು ಕಡಿಮೆಗಳುಂಟು, ಕಡಿಮೆಯಾದರೆ ಹೆಚ್ಚಿಸಬೇಕು, ‘ಹೆಚ್ಚಿಸು’ ಎಂಬ ಕ್ರಿಯಾಪದವು ತಾನಾಗಿಯೇ ಬಂದು ಜೋಡಿಯಾಗುತ್ತದೆ. ವೃದ್ಧದೇಹದ ದುರವಸ್ಥೆಯು ಶಕ್ತಿಯು ಕಡಿಮೆಯಾದುದಷ್ಟೇ ಅಲ್ಲವೆಂದು ಮೇಲೆ ಕಂಡಿತು. ಹೊಸ ಶತ್ರುವಿಗೆ ಎದುರು ನಿಲ್ಲುವುದರಲ್ಲಿ ಕಡಿಮೆ, ಶತ್ರುವಿಲ್ಲದಾಗ ಉರಿಯುವುದರಲ್ಲಿ ಹೆಚ್ಚು. ಇಂಥದನ್ನು ಹೆಚ್ಚಿಸಿದರೆ ಯಾವುದು ಹೆಚ್ಚಬೇಕು? ಡೆಟ್ರಾಯಿಟ್ಟಿನ ಪರೀಕ್ಷೆಯಲ್ಲಿ ಸತುವು ಮಾಡಿದ ಕೆಲಸಗಳಲ್ಲೊಂದು ಉರಿಯೂತವನ್ನು ತಗ್ಗಿಸಿದುದೇ ಆಗಿತ್ತು. ಆದಕಾರಣ ‘ನಿರೋಧವ್ಯವಸ್ಥೆ’ ಎಂಬ ಪದವೂ ‘ಹದಗೊಳಿಸು’ ಎಂಬ ಕ್ರಿಯೆಯೂ ಉಪಯುಕ್ತ. ಸತುವಿನ ವಿಷಯದಲ್ಲಿ ಬಳಕೆಯಲ್ಲಿರುವ ‘ನಿಯಂತ್ರಣ’ಕ್ಕಿಂತ ‘ನಿಯಮನ’ವು ಮೇಲು; ಮೊದಲನೆಯದರಲ್ಲಿ ಹೊರಗಿನವನೊಬ್ಬನ ಕೈ ಕಾಣುವುದು, ಎರಡನೆಯದು ಒಳಗಿನ ಕ್ರಮವನ್ನೂ ಹೇಳಬಲ್ಲುದು.

ದೇಹವು ತನ್ನ ದ್ರವ್ಯಗಳನ್ನು ಮಿತಿಯಲ್ಲಿ ಇಟ್ಟುಕೊಳ್ಳುವುದಕ್ಕೆ ‘ಧಾತುಸಾಮ್ಯ’ವೆಂಬ ಆಯುರ್ವೇದಶಬ್ದವನ್ನು ಕೆಲವರು ಬಳಸಬಯಸುವರು. ಶಬ್ದವು ಸುಂದರ, ಅರ್ಥವೂ ಹತ್ತಿರ. ಆದರೆ ಅದರೊಡನೆ ವಾತಪಿತ್ತಕಫಗಳ ಸಮಗ್ರಸಿದ್ಧಾಂತವೇ ಬಂದು ಕುಳಿತುಕೊಳ್ಳುವುದು. ಸಾಲದುದಕ್ಕೆ, ಸತುವೂ ಒಂದು ಧಾತುವಾದುದರಿಂದ ‘ಸತುವಿನ ಧಾತುಸಾಮ್ಯ’ ಎಂದಾಗ ಯಾವ ಧಾತುವೆಂದು ಓದುಗನು ತಬ್ಬಿಬ್ಬಾಗುವನು. ‘ಸಮಸ್ಥಿತಿ’ ಸಾಕು. ಫ್ರಾನ್ಸೆಸ್ಕಿಯವರ ಪದಕ್ಕಾದರೋ ಇನ್ನೂ ಕನ್ನಡವಿಲ್ಲ. ‘ಉರಿಜರೆ’ ಎಂದರೆ ಅರಿಸಮಾಸವಾಗುವುದು. ‘ಮುಪ್ಪಿನ ಉರಿ’ಯನ್ನು ಸಮಾಸಮಾಡಿ ‘ಮುಪ್ಪುರಿ’ ಎಂದರೆ ಮೂರೆಳೆಯ ಹಗ್ಗವೆಂಬ ಅರ್ಥವು ಮೊದಲೇ ಅಲ್ಲಿ ಮನೆಮಾಡಿಕೊಂಡಿದೆ. ‘ಉರಿಮುಪ್ಪು’ ಎಂಬುದು ಎರಡೂ ಕಡೆ ಅಚ್ಚಗನ್ನಡ. ಕ್ಷೀಣವಾಗಿ ಉರಿಯುತ್ತಲೇ ಇರುವ ಮುಪ್ಪೆಂಬ ಅರ್ಥವು ವಿವರಣೆಯಿಲ್ಲದೆ ಹೊಳೆಯುವುದು. ಜಿಪ್-6, ಇಂಟರ್‌ಲ್ಯೂಕಿನ್-6 ಮೊದಲಾದವನ್ನು ಮಾತ್ರ ಹಾಗೆಯೇ ಬಿಡುವುದು ಲೇಸು, ಅವು ಅಂಕಿತನಾಮಗಳು.

ಪಠ್ಯಪುಸ್ತಕಗಳಲ್ಲಿ ಸತುವಿನ ಆಕರವೆಂದು ಧಾನ್ಯಗಳನ್ನು ಹೆಸರಿಸಿ ಅಲ್ಲಿಗೇ ಬಿಡುವ ರೂಢಿಯೂ ತಿದ್ದಬೇಕಾದದ್ದು. ರಾಗಿಯಲ್ಲಿ ಸತುವುಂಟು, ಫೈಟೇಟೂ ಉಂಟು. ಶಿರಾಜಿನ ರೊಟ್ಟಿಯ ತೊಡಕು ಮುದ್ದೆಗೂ ತಪ್ಪಿದ್ದಲ್ಲ. ನೆನಸಿ ಮೊಳಕೆ ಬರಿಸಿದಾಗ, ಹುಳಿ ಬರಿಸಿದಾಗ, ಧಾನ್ಯದೊಳಗಿನ ಕಿಣ್ವವೇ ಫೈಟೇಟನ್ನು ಒಡೆದು ಸತುವನ್ನು ಬಿಡಿಸಿಕೊಡುವುದು. ಹಲ್ಲಿಲ್ಲದ ಮುದುಕರಿಗೂ ಎಳೆಯ ಮಕ್ಕಳಿಗೂ ಮೊಳಕೆಕಟ್ಟಿದ ರಾಗಿಯ ಹುರಿಹಿಟ್ಟನ್ನು ಮಾಡಿಕೊಡುವ ಪದ್ಧತಿಯು ಹಳೆಯ ಮೈಸೂರಿನ ಮನೆಗಳಲ್ಲಿ ಸತುವಿನ ಹೆಸರನ್ನು ಕೇಳುವುದಕ್ಕೆ ಬಹಳ ಹಿಂದಿನಿಂದಲೂ ನಡೆದು ಬಂದಿದೆ.